ಕೆಂಪು ಕಲ್ಲಿನಲ್ಲಿ ಆಡಿದವರು: ಬಾದಾಮಿ, ಪಟ್ಟದಕಲ್ಲು, ಐಹೊಳೆ

ಮೊದಲ ದಿನ: ಬಾದಾಮಿ

ಬೆಂಗಳೂರಿನಿಂದ ರಾತ್ರಿ ಹೊರಟ ರೈಲು ನಮ್ಮನ್ನು ಬಾದಾಮಿಯಲ್ಲಿ ಇಳಿಸಿದಾಗ ಡಿಸೆಂಬರ್ ಕೊನೆಯ ವಾರದ ಚಳಿ ಇನ್ನೂ ಹರಿದಿರಲಿಲ್ಲ. ನಿಲ್ದಾಣದಿಂದ ಊರಿಗೆ ಸುಮಾರು ಐದು ಕಿಲೋಮೀಟರಿನ ಹಾದಿ. ಆಟೋದ ಎರಡೂ ಬದಿಗೆ ತೆನೆ ಹೊಡೆಯುತ್ತಿದ್ದ ಬಿಳಿಜೋಳ, ನಡುನಡುವೆ ಕಡಲೆ ಮತ್ತು ಕುಸುಬೆ, ಆಮೇಲೆ ಮನೆಗಳ ಮಾಳಿಗೆಗಳ ಹಿಂದಿನಿಂದ ಒಮ್ಮೆಲೇ ಎದ್ದು ನಿಂತ ಕೆಂಪು ಬಂಡೆಗಳು. ಜೊತೆಯಲ್ಲಿದ್ದವಳು ಅಕ್ಕನ ಮಗಳು, ನನಗೆ ಸೋದರಸೊಸೆ. ಚಿತ್ರಕಲೆ ಓದುತ್ತಿರುವ ಹುಡುಗಿಯಾದ್ದರಿಂದ ಅವಳ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಕಾಗದವೇ ಇತ್ತು. ಅವಳು ಎಲ್ಲಿ ಕೂತು ಗೀಚುತ್ತಾಳೋ ಅಲ್ಲಿ ನಾನೂ ಕಾಯಬೇಕಾಗಿದ್ದರಿಂದ, ಈ ಪ್ರವಾಸದಲ್ಲಿ ನೋಡಿದ ಸ್ಥಳಗಳ ಪಟ್ಟಿ ಚಿಕ್ಕದಾದರೂ ಒಂದೊಂದು ಕಂಬದ ಮುಂದೆ ನಿಂತ ಹೊತ್ತು ದೊಡ್ಡದಾಯಿತು.

ಮೇಣಬಸದಿಗಳ, ಅಂದರೆ ಬಂಡೆಯಲ್ಲಿ ಕೊರೆದ ಇಲ್ಲಿನ ಗುಹಾದೇವಾಲಯಗಳ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಒಳ್ಳೆಯದು. ಹತ್ತು ಗಂಟೆ ದಾಟಿದ ಮೇಲೆ ಶಾಲಾ ಮಕ್ಕಳ ಬಸ್ಸುಗಳು ಸಾಲುಗಟ್ಟುತ್ತವೆ. ಟಿಕೆಟ್ಟು ಹರಿದುಕೊಟ್ಟವರು ಕೋತಿಗಳ ಬಗ್ಗೆ ಎಚ್ಚರಿಸಿದರು. ತಿನ್ನುವ ವಸ್ತು ಒಂದೂ ಕೈಯಲ್ಲಿಲ್ಲವೆಂದು ನಾವು ಧೈರ್ಯವಾಗಿಯೇ ಮೆಟ್ಟಿಲು ಹತ್ತಿದೆವು. ಆದರೆ ಪೆನ್ಸಿಲಿನ ಡಬ್ಬಿಗೂ ಬಿಸ್ಕತ್ತಿನ ಡಬ್ಬಿಗೂ ಇರುವ ವ್ಯತ್ಯಾಸ ಕೋತಿಗೆ ಯಾರು ಹೇಳಿಕೊಡಬೇಕು? ಒಂದು ಗಂಡು ಕೋತಿ ಡಬ್ಬಿಯನ್ನು ಕಸಿದುಕೊಂಡು ಬಂಡೆಯ ಅಂಚಿಗೆ ಹೋಗಿ ಕೂತು, ಮುಚ್ಚಳ ತೆಗೆದು, ಪೆನ್ಸಿಲುಗಳನ್ನು ಒಂದೊಂದಾಗಿ ಮೂಸಿ ಕೆಳಗೆಸೆಯಿತು. ರಬ್ಬರನ್ನು ಮಾತ್ರ ಕಚ್ಚಿ, ರುಚಿ ಹಿಡಿಸಿತೋ ಏನೋ, ಹಿಡಿದುಕೊಂಡೇ ಮೇಲೇರಿತು. ಕಾವಲಿನವರು ಪೆನ್ಸಿಲುಗಳನ್ನು ಆಯ್ದುಕೊಟ್ಟು, ಸಪ್ಪಗಾಗಿದ್ದ ಹುಡುಗಿಗೆ, "ಇರಲಿ ಬಿಡು ತಂಗಿ, ಈ ಕಲ್ಲ ಕಡದವ್ರ ಹತ್ರ ರಬ್ಬರ್ ಎಲ್ಲಿತ್ತು?" ಎಂದರು. ಆ ಮಾತಿಗೆ ಅವಳು ನಕ್ಕಳು. ಊರಿಗೆ ಮರಳುವವರೆಗೂ ಇನ್ನೊಂದು ರಬ್ಬರನ್ನು ಕೊಳ್ಳಲಿಲ್ಲ.

ಮೊದಲನೆಯ ಗುಹೆಯ ಹೊರಗೆ ಬಲಬದಿಯ ಬಂಡೆಯಲ್ಲಿ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ಎಲ್ಲ ಮಾರ್ಗದರ್ಶಕರೂ ಇಲ್ಲಿ ಎಂಬತ್ತೊಂದು ನೃತ್ಯಭಂಗಿಗಳಿವೆ ಎಂದು ಹೇಳುತ್ತಾರೆ. ಕೇಳಿದ ಹೆಚ್ಚಿನವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಲೆಕ್ಕ ಸುಲಭದ್ದು: ಬಲಕ್ಕೆ ಒಂಬತ್ತು ಕೈ, ಎಡಕ್ಕೆ ಒಂಬತ್ತು ಕೈ, ಬಲಗೈ ಒಂದಕ್ಕೆ ಎಡಗೈ ಒಂದನ್ನು ಜೋಡಿಸುತ್ತ ಹೋದರೆ ಒಂಬತ್ತೊಂಬತ್ತಲಿ ಎಂಬತ್ತೊಂದು. ಸೊಸೆ ಅದನ್ನು ಪರೀಕ್ಷಿಸಲೆಂದೇ ಕೂತಳು. ಒಂದೇ ಮುಂಡ, ಒಂದೇ ಕಾಲಿನ ನಿಲುವು ಬರೆದು, ಬೇರೆ ಬೇರೆ ಹಾಳೆಯಲ್ಲಿ ಬೇರೆ ಬೇರೆ ಜೋಡಿ ಕೈಗಳನ್ನು ಇಟ್ಟು ನೋಡಿದಳು. ಐದಾರು ಹಾಳೆಗಳು ತುಂಬುವ ಹೊತ್ತಿಗೆ ನನಗೂ ಕಂಡಿತು: ಯಾವ ಜೋಡಿಯನ್ನು ಆರಿಸಿದರೂ ದೇಹ ಅದಕ್ಕೆ ಒಪ್ಪುತ್ತದೆ, ತೂಕ ತಪ್ಪುವುದಿಲ್ಲ. ಚಲಿಸುವುದನ್ನು ಚಲಿಸದ ಕಲ್ಲಿನಲ್ಲಿ ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಆರನೆಯ ಶತಮಾನದಲ್ಲಿ ಇಲ್ಲೊಬ್ಬ ಕಂಡುಕೊಂಡ ಉತ್ತರ ಇದು.

ಅದೇ ಗುಹೆಯ ಎಡಬದಿಗೆ ತ್ರಿಶೂಲ ಹಿಡಿದು ನಿಂತ ದ್ವಾರಪಾಲಕನ ಕೆಳಗೆ ಒಂದು ಸಣ್ಣ ಉಬ್ಬುಶಿಲ್ಪವಿದೆ. ತಿಳಿಯದವರು ಅದನ್ನು ದಾಟಿ ಹೋಗಿಬಿಡುತ್ತಾರೆ. ಆನೆಗೂ ಗೂಳಿಗೂ ಸೇರಿ ಒಂದೇ ತಲೆ. ಒಂದು ಬದಿಯ ಮೈಯನ್ನು ಅಂಗೈಯಿಂದ ಮರೆಮಾಡಿದರೆ ಆನೆ. ಇನ್ನೊಂದು ಬದಿಯನ್ನು ಮರೆಮಾಡಿದರೆ ಗೂಳಿ. ಕಣ್ಣು ಅದೇ, ಹಣೆಯ ಗೆರೆ ಅದೇ. ನೋಡುವವನು ಯಾವ ಮೈಯನ್ನು ಸೇರಿಸಿಕೊಳ್ಳುತ್ತಾನೋ ಆ ಪ್ರಾಣಿ. ನಾವು ಕೈ ಇಟ್ಟು ತೆಗೆದು ಆಡುತ್ತಿದ್ದುದನ್ನು ನೋಡಿ ಹುನಗುಂದ ಕಡೆಯ ಶಾಲೆಯೊಂದರ ಮಕ್ಕಳು ಮುತ್ತಿಕೊಂಡರು. ಒಬ್ಬ ಹುಡುಗ "ಆನಿ", ಇನ್ನೊಬ್ಬ "ಎತ್ತು" ಎಂದು ಜಗಳಕ್ಕೇ ನಿಂತರು. ಅವರ ಮಾಸ್ತರರು ಕೆಲಹೊತ್ತು ಕೇಳಿ, ಇಬ್ಬರದೂ ಸರಿ ಎಂದು ತೀರ್ಪು ಕೊಟ್ಟು, ಎರಡನೆಯ ಗುಹೆಗೆ ಸಾಲು ಮುಂದೂಡಿದರು. ಇದನ್ನು ಕೆತ್ತಿದವನಿಗೂ ಬೇಕಾಗಿದ್ದದ್ದು ಇಂಥದೊಂದು ಜಗಳವೇ ಇರಬೇಕು.

ಎರಡನೆಯ ಗುಹೆಯಲ್ಲಿ ವರಾಹ, ತ್ರಿವಿಕ್ರಮರನ್ನು ನೋಡುವ ಜೊತೆಗೆ ಕತ್ತು ಎತ್ತಿ ಚಾವಣಿಯನ್ನೂ ನೋಡಬೇಕು. ಅಲ್ಲಿ ಹದಿನಾರು ಮೀನುಗಳು ಅರಗಳಾಗಿರುವ ಒಂದು ಚಕ್ರವಿದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು ಮತ್ತು ಕಾಲ ಖಚಿತವಾಗಿ ಗೊತ್ತಿರುವಂಥದು. ಶಕ 500ರ ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578ರಲ್ಲಿ, ಅಣ್ಣನಾದ ಚಾಲುಕ್ಯ ಅರಸ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಂಗಲೇಶ ಇದನ್ನು ಮಾಡಿಸಿದ. ಅವನದೇ ಒಂದು ಚಿಕ್ಕ ಕನ್ನಡ ಶಾಸನವೂ ಇಲ್ಲಿದೆ. ಈ ಗುಹೆಯನ್ನು ಅದು 'ಕಲ್ಮನೆ' ಎಂದು ಕರೆಯುತ್ತದೆ. ದೇವರಿಗೆ ಹೂಮಾಲೆ ಕಟ್ಟುವವರಿಗೆ ಲಂಜಿಗೇಸರ ಎಂಬ ಊರಿನ ಉತ್ಪನ್ನದಲ್ಲಿ ಪಾಲು ಕೊಟ್ಟದ್ದನ್ನು ಹೇಳಿ, ಇದನ್ನು ಅಳಿದವನು ಏಳನೆಯ ನರಕದ ಹುಳುವಾಗಲಿ ಎಂದು ಶಪಿಸುತ್ತದೆ. ಶೇಷನ ಸುರುಳಿಯ ಮೇಲೆ ಕೂತ ವಿಷ್ಣು, ದರ್ಪದಿಂದ ನಿಂತ ನರಸಿಂಹ, ಚಾಚುಪೀಠಗಳಲ್ಲಿ ಒಬ್ಬರಿಗೊಬ್ಬರು ಒರಗಿ ನಿಂತ ದಂಪತಿಗಳು, ಚಾವಣಿಯ ಅಂಚಿನಲ್ಲಿ ಮಾಸಿ ಉಳಿದ ಬಣ್ಣದ ಚೂರುಗಳು, ಇವೆಲ್ಲದರ ನಡುವೆ ಹೂ ಕಟ್ಟುವವನ ಸಂಬಳದ ಚಿಂತೆಯೂ ಕಲ್ಲಿನಲ್ಲಿ ಕೂತಿದೆ. ನಾಲ್ಕನೆಯ ಜೈನಗುಹೆಯಲ್ಲಿ ಬಳ್ಳಿ ಸುತ್ತಿದ ಬಾಹುಬಲಿಯನ್ನು ನೋಡಿ ಕೆಳಗಿಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು.

ಊಟಕ್ಕೆ ಬನಶಂಕರಿಗೇ ಹೋಗಿ ಎಂದು ಆಟೋದವರು ಹೇಳಿದ್ದು ಸರಿಯಾದ ಸಲಹೆ. ಗುಡಿಯ ಮುಂದೆ, ಹರಿದ್ರಾತೀರ್ಥದ ಬಳಿ, ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ದಾರಿಯಲ್ಲೇ ತಡೆದು ಕರೆಯುತ್ತಾರೆ. ನಾವು ಕೂತದ್ದು ಇಳಕಲ್ ಸೀರೆಯುಟ್ಟ ಒಬ್ಬ ಹಿರಿಯಾಕೆಯ ಎದುರು. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು, ಶೇಂಗಾ ಹಿಂಡಿ, ಕೆಂಪು ಖಾರ, ಮೇಲೆ ಗಡಿಗೆಯಿಂದ ಕತ್ತರಿಸಿ ತೆಗೆದಂತಿದ್ದ ಮೊಸರು. ನನ್ನ ಸೊಸೆ ಖಾರಕ್ಕೆ ಕಣ್ಣೊರೆಸಿಕೊಳ್ಳುವುದನ್ನು ಕಂಡು ಆಕೆ, "ಮೊಸರ ಹಚ್ಚಿಕೊಂಡ ಉಣ್ಣು ನನ್ನವ್ವ, ಬೆಂಗಳೂರಾಗ ಖಾರ ಸಿಗೂದಿಲ್ಲೇನು?" ಎಂದು ಇನ್ನೊಂದು ಸೌಟು ಬಡಿಸಿದರು. ದುಡ್ಡು ಕೇಳಿದ್ದು ರೊಟ್ಟಿಯ ಲೆಕ್ಕದಲ್ಲಿ, ಮೊಸರಿಗೆ ಲೆಕ್ಕವಿರಲಿಲ್ಲ. ಪುಷ್ಯ ಮಾಸದ ಜಾತ್ರೆಗೆ ಬಂದರೆ ತಿಂಗಳುಗಟ್ಟಲೆ ನಾಟಕ ಕಂಪನಿಗಳು ಡೇರೆ ಹಾಕುತ್ತವೆಂದೂ, ಆಗ ರೊಟ್ಟಿಗೆ ಸರತಿ ಹಚ್ಚಬೇಕಾಗುತ್ತದೆಂದೂ ಹೇಳಿದರು.

ಸಂಜೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಬಟ್ಟೆ ಒಗೆಯುವವರ ಸದ್ದು ಎದುರು ಬಂಡೆಗೆ ಬಡಿದು ಎರಡು ಸಲ ಕೇಳುತ್ತಿತ್ತು. ಕೆರೆಯ ಮೂಡಣ ತುದಿಯ ಭೂತನಾಥ ಗುಡಿ ಪಡುವಣಕ್ಕೆ ಮುಖ ಮಾಡಿರುವುದರಿಂದ ಅಲ್ಲಿಗೆ ಹೋಗಬೇಕಾದದ್ದು ಇಳಿಹೊತ್ತಿನಲ್ಲಿಯೇ. ಅದಕ್ಕೂ ಮುಂಚೆ ಈಶಾನ್ಯದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ಕಂಡೆವು. ಏಳನೆಯ ಶತಮಾನದ ಕೊನೆಗೆ ಸೇರಿದ್ದೆಂದು ವಿದ್ವಾಂಸರು ಹೇಳುವ ಈ ಬರಹದಲ್ಲಿ ಕನ್ನಡದ ಮೊದಲ ತ್ರಿಪದಿಗಳಿವೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಎಂಬ ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೂ, ಅದರ ಅಕ್ಷರಗಳು ಕೈಗೆಟುಕುವ ಬಂಡೆಯೊಂದರ ಮೇಲೆ ಬಿಸಿಲಲ್ಲಿ ಬಿದ್ದಿರುವುದನ್ನು ನೋಡಿದಾಗ ಬೇರೆಯೇ ಅನಿಸುತ್ತದೆ.

ಎರಡನೆಯ ದಿನ: ಮಹಾಕೂಟ, ಪಟ್ಟದಕಲ್ಲು

ಮಹಾಕೂಟದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೆಟ್ಟದ ಬುಡದ ಒರತೆಯಿಂದ ತುಂಬುವ ಪುಷ್ಕರಣಿ ಚಳಿಗಾಲದಲ್ಲೂ ತುಂಬಿತ್ತು. ಅದರ ನಡುವಿನ ಪುಟ್ಟ ಮಂಟಪದೊಳಗಿನ ಚತುರ್ಮುಖ ಲಿಂಗವನ್ನು ನೋಡಲು ನೀರಿಗಿಳಿಯಲೇಬೇಕು. ಊರ ಹುಡುಗರು ದಂಡೆಯಿಂದ ಹಾರಿ ಮಂಟಪವನ್ನು ಮುಟ್ಟಿ ಬರುವ ಪಂದ್ಯ ಕಟ್ಟಿದ್ದರು. ಮಂಗಲೇಶನ ಗೆಲುವುಗಳನ್ನು ಹೇಳುವ ಇಲ್ಲಿನ ಪ್ರಸಿದ್ಧ ಶಾಸನಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಪಟ್ಟದಕಲ್ಲಿನ ರಸ್ತೆಯಲ್ಲಿ ಆಟೋ ಪಂಕ್ಚರಾಯಿತು. ಸ್ಟೆಪ್ನಿಯಲ್ಲೂ ಗಾಳಿಯಿರಲಿಲ್ಲ. ಚಾಲಕ ಬೈಕಿನ ಹಿಂದೆ ಕೂತು ಚಕ್ರ ಹೊತ್ತು ಹೋದಮೇಲೆ ನಾವು ಬೇವಿನ ಮರದ ನೆರಳಿನಲ್ಲಿ ಉಳಿದೆವು. ಪಕ್ಕದ ಹೊಲದಲ್ಲಿದ್ದ ರೈತರು ನೋಡಿ, ಬದುವಿನಿಂದ ಒಂದು ಹಿಡಿ ಹಸಿ ಕಡಲೆಗಿಡ ಕಿತ್ತು ತಂದು, "ಸುಲಗಾಯಿ ತಿನ್ರಿ, ಹೊತ್ತ ಹೋಗ್ತೈತಿ" ಎಂದು ಕೊಟ್ಟರು. ಎಲೆಯ ಹುಳಿ ಬೆರಳಿಗೆ ಅಂಟಿಕೊಂಡಿತು. ಅವರ ಅಜ್ಜನ ಕಾಲದಲ್ಲಿ ಗುಡಿಗಳ ಸುತ್ತಲೇ ಊರಿತ್ತಂತೆ. ಗುಡಿಗಳ ನೆರಳಿನಲ್ಲಿಯೇ ರಾಶಿ ತೂರುತ್ತಿದ್ದರಂತೆ. ಈಗ ಬೇಲಿ, ಹುಲ್ಲುಹಾಸು, ಟಿಕೆಟ್ಟು ಬಂದಿರುವುದರ ಬಗ್ಗೆ ಅವರಿಗೆ ದೂರೇನೂ ಇರಲಿಲ್ಲ. ಮಗಳ ಮದುವೆಯ ಮಾತು ಪಟ್ಟದಕಲ್ಲಿನಲ್ಲೇ ನಡೆದಿದೆಯೆಂದು ಹೇಳಿ, ಬೀಗರ ಮನೆಯ ಗುರುತು ಕೊಟ್ಟು, ಬಾಯಾರಿದರೆ ಅಲ್ಲಿ ಮಜ್ಜಿಗೆ ಕೇಳಿರಿ ಎಂದರು. ಕೇಳಿಯೂ ಕುಡಿದೆವು.

1987ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಆವರಣಕ್ಕೆ ಕಾಲಿಟ್ಟ ಕೂಡಲೇ ಕಾಣುವುದು ಒಂದು ವಾದವಿವಾದ. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ ಗುಡಿಗಳ ಶಿಖರಗಳು ಬಾಗುಗೆರೆಯಲ್ಲಿ ಒಂದೇ ಉಸಿರಿಗೆ ಮೇಲೇರುವ ನಾಗರ ಕ್ರಮದವು. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಕ್ರಮ. ನರ್ಮದೆಯ ಆಚೆಗಿನದೂ ಕಾವೇರಿಯ ಕಡೆಯದೂ ಮಲಪ್ರಭೆಯ ದಂಡೆಯ ಈ ಒಂದೇ ಅಂಗಳದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಯಾವುದು ಸರಿ ಎಂದು ಯಾರೂ ತೀರ್ಮಾನಿಸಿದಂತಿಲ್ಲ. ಎರಡನ್ನೂ ಕಟ್ಟಿಯೇ ನೋಡಿದ್ದಾರೆ. ತೆಂಕಣಕ್ಕೆ ಸ್ವಲ್ಪ ದೂರದಲ್ಲಿ ಒಂಟಿಯಾಗಿ ನಿಂತ ಪಾಪನಾಥ ಗುಡಿಯಲ್ಲಂತೂ ಉದ್ದನೆಯ ಮೈಗೆ ಬಡಗಣದ ಶಿಖರವನ್ನಿಟ್ಟು, ಗೋಡೆಗೆ ತೆಂಕಣದ ಅಲಂಕಾರ ಮಾಡಿದ್ದಾರೆ. ಕಟ್ಟುತ್ತ ಕಟ್ಟುತ್ತ ಯೋಜನೆ ಬದಲಾದ ಗುಡಿ ಅದು. ಪ್ರಮಾಣ ಹದವಾಗಿಲ್ಲ, ಸುಂದರವೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಈ ಆವರಣದಲ್ಲಿ ನಾನು ಅತಿ ಹೆಚ್ಚು ಸುತ್ತು ಹಾಕಿದ್ದು ಅದನ್ನೇ. ಗೋಡೆಯ ರಾಮಾಯಣದಲ್ಲಿ ಪಾತ್ರಗಳ ಹೆಸರುಗಳನ್ನೂ ಕೊರೆದಿದ್ದಾರೆ. ತಾನು ಮಾಡಿದ್ದು ನೋಡುವವರಿಗೆ ಗುರುತು ಸಿಗದೇ ಹೋದೀತೆಂಬ ಅಳುಕು ಅಲ್ಲಿ ಕಾಣುತ್ತದೆ.

ಅಂಥ ಅಳುಕು ವಿರೂಪಾಕ್ಷದಲ್ಲಿಲ್ಲ. ಕಂಚಿಯ ಪಲ್ಲವರನ್ನು ಗೆದ್ದ ಎರಡನೆಯ ವಿಕ್ರಮಾದಿತ್ಯನಿಗಾಗಿ ರಾಣಿ ಲೋಕಮಹಾದೇವಿ ಸುಮಾರು 740ರ ಹೊತ್ತಿಗೆ ಕಟ್ಟಿಸಿದ ಗುಡಿ ಇದು. ಪಕ್ಕದ ಮಲ್ಲಿಕಾರ್ಜುನವನ್ನು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದಳು. ವಿಕ್ರಮಾದಿತ್ಯ ಗೆದ್ದ ಊರನ್ನು ಸುಡದೆ, ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿಸಿ, ಅದನ್ನು ಕಂಚಿಯ ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಕಂಚಿಯಲ್ಲಿ ಕಂಡ ಸೊಬಗು ಪಟ್ಟದಕಲ್ಲಿಗೆ ಬಂತು. ಪಟ್ಟದಕಲ್ಲಿನ ವಿರೂಪಾಕ್ಷದ ನೆನಪು ಮುಂದೆ ರಾಷ್ಟ್ರಕೂಟರ ಕಾಲದ ಎಲ್ಲೋರದ ಕೈಲಾಸದಲ್ಲಿ, ಈ ಬಾರಿ ಮೇಲಿನಿಂದ ಕೆಳಕ್ಕೆ ಕೊರೆದು, ಮತ್ತೆ ಮೂಡಿತು.

ಒಳಗೆ ಕತ್ತಲೆ. ಟಾರ್ಚ್ ತಂದಿದ್ದು ಇಲ್ಲಿ ಉಪಯೋಗಕ್ಕೆ ಬಂತು; ಮೊಬೈಲಿನ ಬೆಳಕನ್ನು ನೇರವಾಗಿ ಹಿಡಿದರೆ ಉಬ್ಬುಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ, ಪಕ್ಕದಿಂದ ಓರೆಯಾಗಿ ಹಿಡಿಯಬೇಕು ಎಂಬುದನ್ನು ಅಲ್ಲಿನ ಕಾವಲುಗಾರರೇ ತೋರಿಸಿಕೊಟ್ಟರು. ಹಾಗೆ ಹಿಡಿದಾಗ ಕಂಬದ ಒಂದು ಪಟ್ಟಿಯಲ್ಲಿ ರಾವಣನ ರಥಕ್ಕೆ ಅಡ್ಡಬಂದ ಜಟಾಯು, ಇನ್ನೊಂದರಲ್ಲಿ ಶರಶಯ್ಯೆಯ ಮೇಲಿನ ಭೀಷ್ಮ ಎದ್ದು ಬಂದರು. ಭೀಷ್ಮನ ಬೆನ್ನ ಕೆಳಗಿನ ಬಾಣಗಳನ್ನು ಸೊಸೆ ಒಂದೊಂದಾಗಿ ಎಣಿಸತೊಡಗಿದಾಗ ಕಾವಲುಗಾರರಿಗೆ ಖುಷಿಯಾಗಿ, ಮಲ್ಲಿಕಾರ್ಜುನದ ಕಂಬಗಳಲ್ಲಿರುವ ಪಂಚತಂತ್ರದ ಕತೆಗಳನ್ನು ತಾವೇ ಬಂದು ತೋರಿಸಿದರು. ಪ್ರಾಣಿಗಳ ಕತೆ ಹೇಳುವಾಗ ಅವರ ದನಿ ಬದಲಾಗುತ್ತಿತ್ತು. ಮೊಮ್ಮಕ್ಕಳಿಗೂ ಇದೇ ಕಂಬದ ಮುಂದೆ ಹೇಳಿದ್ದಾರಂತೆ.

ಆದರೆ ಪಟ್ಟದಕಲ್ಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರುಗಳು. ನಮ್ಮ ಹಳೆಯ ಕಲೆಯೆಲ್ಲ ಹೆಸರಿಲ್ಲದವರದು, ಅವರು ಹೆಸರನ್ನು ಬಯಸಲೂ ಇಲ್ಲ ಎಂಬ ಮಾತನ್ನು ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ! ಇಲ್ಲಿ ನೋಡಿದರೆ, ವಿರೂಪಾಕ್ಷದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಅನಿವಾರಿತಾಚಾರಿ ಎನಿಸಿದ ಗುಂಡ. ಅವನಿಗೆ ಅರಸ ಕೊಟ್ಟ ಬಿರುದು ತ್ರಿಭುವನಾಚಾರಿ. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, 'ತೆಂಕಣ ದಿಸೆಯ ಸೂತ್ರಧಾರಿ'. ಮನೆ, ಪ್ರಾಸಾದ, ವಾಹನ, ಆಸನ, ಮಂಚ, ಮಣಿಮಕುಟ ಎಲ್ಲದರಲ್ಲೂ ಕೈ ಪಳಗಿದವನೆಂದು ಅವನ ಶಾಸನ ಹೊಗಳುತ್ತದೆ. ಆ ಪರಂಪರೆಯ ರೇವಡಿ ಓವಜ್ಜ ಪಾಪನಾಥದ ತೆಂಕಣ ಬದಿಯನ್ನು ಮಾಡಿದ. ದುಗ್ಗಿ ಆಚಾರಿಯ ಮಗ ಬಲದೇವ, ಚೆಂಗಮ್ಮ, ಪುಲ್ಲಪ್ಪನಂಥವರು ತಾವು ಕೆತ್ತಿದ ಮೂರ್ತಿಗಳ ಬಳಿಯೇ ಹೆಸರು ಬಿಟ್ಟಿದ್ದಾರೆ. ಗರ್ವದಿಂದ ಮಾಡಿದ ಕೆಲಸ ಇದು, ಗರ್ವಕ್ಕೆ ತಕ್ಕ ಕೆಲಸವೂ ಹೌದು. ಸಂಜೆ ಕಾವಲಿನವರು ಶಿಳ್ಳೆ ಊದಿ ಹೊರಗೆ ಕಳಿಸುವವರೆಗೂ ನಾವು ಹೊರಗೋಡೆಗಳಲ್ಲಿ ಅಕ್ಷರ ಹುಡುಕುತ್ತಲೇ ಇದ್ದೆವು.

ಮೂರನೆಯ ದಿನ: ಐಹೊಳೆ

ಐಹೊಳೆಗೆ ಬೆಳಗಿನ ಬಸ್ಸು ತಡವಾಗಿ ಬಂದು, ತುಂಬಿ ತುಳುಕಿ, ನಮ್ಮನ್ನು ಒಂಟಿಕಾಲಿನಲ್ಲಿ ನಿಲ್ಲಿಸಿಕೊಂಡು ಹೋಯಿತು. ನೂರಕ್ಕೂ ಹೆಚ್ಚು ಗುಡಿಗಳಿರುವ ಈ ಊರಿನಲ್ಲಿ ಎಲ್ಲವನ್ನೂ ನೋಡುವ ಆಸೆಯನ್ನು ಮೊದಲೇ ಬಿಟ್ಟುಬಿಡುವುದು ಲೇಸು. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆಯೆಂಬುದನ್ನು ನೆನಪಿಟ್ಟುಕೊಳ್ಳಬೇಕು. ನಾವು ಹೋದದ್ದು ಶುಕ್ರವಾರವೇ ಆದ್ದರಿಂದ ಬೀಗ ನೋಡಿ ಬಂದೆವು.

ಇಲ್ಲಿ ಗುಡಿಗಳಿಗೆ ದೇವರ ಹೆಸರಿಗಿಂತ ಮನುಷ್ಯರ ಹೆಸರೇ ಹೆಚ್ಚು: ಗೌಡರ ಗುಡಿ, ಬಡಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಲಾಡಖಾನ್. ದೇವರು ಹೋದ ಮೇಲೆ ಜನ ಬಂದು ಸಂಸಾರ ಹೂಡಿದ ಜಾಗಗಳವು. ಲಾಡಖಾನ್ ಗುಡಿಯ ಮುಂದೆ ನಿಂತವರಿಗೆ ಮೊದಲು ಅನಿಸುವುದು ಇದನ್ನು ಕಟ್ಟಿದವರು ಬಡಗಿಗಳಿರಬೇಕೆಂದು. ಇಳಿಜಾರಾದ ಕಲ್ಲುಹಾಸಿನ ಮಾಡು, ಹಾಸುಗಲ್ಲುಗಳು ಕೂಡುವ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳು, ಮರದ ಹಲಗೆಗಳ ಸಂದಿಗೆ ರೀಪು ಬಡಿಯುತ್ತಾರಲ್ಲ, ಥೇಟ್ ಹಾಗೆಯೇ. ಕಲ್ಲಿಗೆ ಅದರ ಅಗತ್ಯ ಎಷ್ಟಿತ್ತೋ, ಕೈಗೆ ರೂಢಿಯಾದದ್ದು ಬಿಟ್ಟಿಲ್ಲ. ಮಾಡಿನ ಮೇಲೊಂದು ಪುಟ್ಟ ಗರ್ಭಗುಡಿ. ಅದಕ್ಕೆ ಹತ್ತಲು ಕಲ್ಲಿನದೇ ಏಣಿ.

ದುರ್ಗ ಗುಡಿಯಲ್ಲಿ ಧೈರ್ಯ ಬೇರೆ ಬಗೆಯದು. ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ, ಸುತ್ತಲೂ ಕಂಬಗಳ ಪ್ರದಕ್ಷಿಣಾಪಥ, ಆ ದುಂಡನೆಯ ಮೈಯ ಮೇಲೆ ಚೌಕದ ಬುಡದ ನಾಗರ ಶಿಖರ. ಶಿಖರದ ಮೇಲಿರಬೇಕಾಗಿದ್ದ ಆಮಲಕ ಎಂಬ ದುಂಡನೆಯ ಕಲ್ಲು ಈಗ ಕೆಳಗೆ ನೆಲದ ಮೇಲೆ ಕೂತಿದೆ. ಕೋಷ್ಠಗಳಲ್ಲಿ ನಂದಿಗೆ ಒರಗಿದ ಶಿವ, ಗರುಡವಾಹನ ವಿಷ್ಣು, ವರಾಹ, ಮಹಿಷಮರ್ದಿನಿ. ಪ್ರದಕ್ಷಿಣೆ ಬರುವಾಗ ಕಂಬಗಳ ನಡುವಿನ ಬಿಸಿಲು ಒಂದೊಂದೇ ಮೂರ್ತಿಯ ಮೇಲೆ ಬಿದ್ದು ಮುಂದಿನದನ್ನು ಮರೆಸುತ್ತದೆ. ಮುಖಮಂಟಪದ ಚಾವಣಿಯಲ್ಲಿ ಸೊಸೆ ತಟ್ಟನೆ ಕೈ ಚಾಚಿ ತೋರಿಸಿದಳು: ಬಾದಾಮಿಯ ಮೀನಿನ ಚಕ್ರ ಇಲ್ಲಿಯೂ ತಿರುಗುತ್ತಿತ್ತು. ಒಬ್ಬರ ಕಲ್ಪನೆ ಇನ್ನೊಬ್ಬರ ಕೈಗೆ ದಾಟಿದ ದಾರಿ ಹೀಗೆ ಕಣ್ಣೆದುರೇ ಸಿಗುವುದು ಅಪರೂಪ. ಇಷ್ಟಾಗಿ, ಇಂಥ ದುಂಡುಬೆನ್ನಿನ ಗುಡಿಯನ್ನು ಪಟ್ಟದಕಲ್ಲಿನಲ್ಲಿ ಯಾರೂ ಮತ್ತೆ ಕಟ್ಟಲಿಲ್ಲ.

ಊರಿನ ಇನ್ನೊಂದು ಬದಿಯ ರಾವಣಫಡಿಗೆ ಹೋಗುವಾಗ ಗುಹೆಯ ಮುಂದೆ ಎಮ್ಮೆ ಕಾಯುತ್ತಿದ್ದ ಅಜ್ಜರೊಬ್ಬರು ಚಪ್ಪಲಿಗೆ ತಾವು ಕಾವಲಿರುವುದಾಗಿ ಹೇಳಿ ಕಳಿಸಿದರು. ಒಳಗೆ ಹತ್ತು ತೋಳುಗಳ ಶಿವ ಸಪ್ತಮಾತೃಕೆಯರ ನಡುವೆ ಕುಣಿಯುತ್ತಿದ್ದಾನೆ. ಬಾದಾಮಿಯ ಮೈತುಂಬಿದ ಆಕೃತಿಗಳನ್ನು ನೋಡಿ ಬಂದ ಕಣ್ಣಿಗೆ ಇವರು ಬೇರೆ ಲೋಕದವರು: ತೆಳ್ಳನೆಯ ನಿಲುವು, ಎತ್ತರದ ಕಿರೀಟ, ಸೀರೆಯ ಒಂದೊಂದು ನಿರಿಗೆಗೂ ಉಗುರಿನಿಂದ ಎಳೆದಷ್ಟು ಸಣ್ಣ ಗೀರು. ಇವರ ಪಕ್ಕದಲ್ಲಿ ಸೊಸೆಯ ಪೆನ್ಸಿಲ್ ಗೆರೆ ದಪ್ಪವೆನಿಸಿತು. ಅವಳೇ ಹಾಗೆಂದು ಮೊನೆ ಹೆರೆದುಕೊಂಡಳು. ಹೊರಬಂದಾಗ ಅಜ್ಜರು, "ಎಷ್ಟೊತ್ತ ಕುಂತಿರಿ, ಹೊಳ್ಳಿ ಬರ್ತೀರೋ ಇಲ್ಲೋ ಅಂದ್ಕೊಂಡಿದ್ದೆ" ಎಂದರು.

ಮಧ್ಯಾಹ್ನದ ಬಿಸಿಲಿನಲ್ಲಿ ಮೇಗುತಿ ಬೆಟ್ಟ ಹತ್ತುವುದು ಬುದ್ಧಿವಂತಿಕೆಯಲ್ಲ, ಆದರೆ ಬಸ್ಸಿನ ವೇಳೆ ಬೇರೆ ದಾರಿ ಬಿಡಲಿಲ್ಲ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಈ ಬಸದಿಯ ಗೋಡೆಯಲ್ಲಿ ಅವನದೇ ಸಂಸ್ಕೃತ ಪ್ರಶಸ್ತಿ, ಅಂದರೆ ಅರಸನನ್ನು ಹೊಗಳುವ ಶಾಸನ, ಇದೆ. ಇಮ್ಮಡಿ ಪುಲಕೇಶಿ ಹರ್ಷನ ಹರ್ಷವನ್ನು ಇಳಿಸಿದ್ದನ್ನು ಹಾಡಿ, ಕೊನೆಗೆ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂದು ಅವನೇ ಹೇಳಿಕೊಂಡಿದ್ದಾನೆ. ಕವಿ ಹಾಗಿದ್ದರೆ ಶಿಲ್ಪಿ ಹಿಂದೆ ಬೀಳುವನೇ? ಮನೆ, ಗುಡಿ ಕಟ್ಟುವುದರಲ್ಲಿ ನರಸೊಬ್ಬನಂಥವನು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂದು ಇದೇ ಐಹೊಳೆಯ ಇನ್ನೊಂದು ಶಾಸನ ಸಾರುತ್ತದೆ.

ಕೊನೆಗೆ ನೋಡಿದ್ದು ಹುಚ್ಚಪ್ಪಯ್ಯನ ಗುಡಿ. ಇದರ ಚಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಈಗ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿವೆ. ಸೊಸೆ ಕೆಳಗೆ ಅಂಗಾತ ಮಲಗಿ ಮೇಲಿನ ಚಾವಣಿಯನ್ನು ನೋಡುತ್ತ, ಆ ಫಲಕಗಳ ಅಳತೆ ಎಷ್ಟೆಂದು ಕೇಳಿದಳು. ನನಗೆ ಹೇಳಲಾಗಲಿಲ್ಲ. ಅಮೀನಗಡದಲ್ಲಿ ಬಾಗಲಕೋಟೆಯ ಬಸ್ಸಿಗೆ ಕಾಯುವಾಗ ಎರಡು ಪೊಟ್ಟಣ ಕರದಂಟು ಕಟ್ಟಿಸಿಕೊಂಡೆವು. ಒಂದು ಅಕ್ಕನಿಗೆ, ಒಂದು ದಾರಿಗೆ. ದಾರಿಯದು ಬಸ್ಸು ಬರುವ ಮೊದಲೇ ಅರ್ಧವಾಗಿತ್ತು. ಮುಂಬಯಿಯಲ್ಲಿ ದೊಡ್ಡಪ್ಪನ ಮನೆಯಿಂದ ಆ ಸಂಗ್ರಹಾಲಯಕ್ಕೆ ಯಾವ ಲೋಕಲ್ ಹಿಡಿಯಬೇಕೆಂದು ಅವಳು ಅಷ್ಟರಲ್ಲಾಗಲೇ ಫೋನಿನಲ್ಲಿ ವಿಚಾರಿಸುತ್ತಿದ್ದಳು. "ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯತ್ತೆ ಮಾಮ, ರಜಾ ಹಾಕಿಡಿ" ಎಂದಳು.